ತಿಪಟೂರು ಕೊಬ್ಬರಿ ಎಣ್ಣೆ ಆನ್‌ಲೈನ್‌ನಲ್ಲಿ ಮಾರೋಕೆ ಲಯಬಿಲಿಟಿ ಇನ್ಶೂರೆನ್ಸ್ ಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ತಿಪಟೂರಿನ ಗಾಣದಲ್ಲಿ ಕೊಬ್ಬರಿ ಎಣ್ಣೆ ತೆಗೆಸುತ್ತೀರಿ. ತುಮಕೂರಿನ ಮನೆಯಲ್ಲಿ ಬಾಟಲಿಗೆ ತುಂಬಿ, ನಿಮ್ಮದೇ ಲೇಬಲ್ ಅಂಟಿಸಿ ಆನ್‌ಲೈನ್‌ನಲ್ಲಿ ಮಾರುತ್ತೀರಿ. ಏಜೆಂಟ್ ಒಬ್ಬರು ಲಯಬಿಲಿಟಿ ಪಾಲಿಸಿ, ಅಂದರೆ ನಿಮ್ಮ ಸರಕಿನಿಂದ ಯಾರಿಗಾದರೂ ಹಾನಿಯಾದರೆ ಪರಿಹಾರ ತುಂಬಿಕೊಡುವ ವಿಮೆ, ಕಡ್ಡಾಯ ಅಂದಿದ್ದಾರೆ. ಎಣ್ಣೆ ತೆಗೆದುಕೊಟ್ಟವರು ಗಾಣದವರು, ಹೊಣೆ ನನಗ್ಯಾಕೆ ಅನ್ನೋದು ನಿಮ್ಮ ಅನುಮಾನ.

ಕಡ್ಡಾಯ ಅಲ್ಲ. ಆದರೆ ಹೊಣೆ ನಿಮ್ಮದೇ.

ನಾನೂ ತುಮಕೂರಿನಿಂದಲೇ ಚಟ್ನಿಪುಡಿ, ಸಾರಿನಪುಡಿ ಮಾರುತ್ತೇನೆ. ಈ ಪಾಲಿಸಿ ಇಟ್ಟುಕೊಂಡಿದ್ದೇನೆ. ಗ್ರಾಹಕರ ರಕ್ಷಣಾ ಕಾಯ್ದೆ 2019 ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಬೇರೆಯವರು ಮಾಡಿದ ಸರಕಿನ ಮೇಲೆ ತನ್ನ ಗುರುತು ಹಾಕಿಕೊಂಡವರೂ ತಯಾರಕರೇ ಅಂತ ಅದರಲ್ಲಿ ನೇರವಾಗಿ ಬರೆದಿದೆ. ಅಂದರೆ ಲೇಬಲ್ ಅಂಟಿಸಿದ ಕ್ಷಣದಿಂದ ಕಾನೂನಿನ ಲೆಕ್ಕದಲ್ಲಿ ಎಣ್ಣೆ ತಯಾರಿಸಿದವರು ನೀವು. ಗಾಣದವರ ಬ್ರ್ಯಾಂಡನ್ನೇ ಹಾಗೇ ಮಾರಿದ್ದರೆ ನಿಮ್ಮ ಹೊಣೆ ಎಷ್ಟೋ ಕಡಿಮೆ ಇರುತ್ತಿತ್ತು.

ಇನ್ನೊಂದು ಮಾತು ಲೇಬಲ್ ಬಗ್ಗೆ. "ಮಗುವಿನ ಚರ್ಮಕ್ಕೆ ಯಾವ ಅಲರ್ಜಿಯೂ ಆಗುವುದಿಲ್ಲ" ಅಂತೆಲ್ಲ ಬರೆಯೋಕೆ ಹೋಗಬೇಡಿ. ಅದು ನೀವು ಕೊಟ್ಟ ಭರವಸೆ. ಅದು ಸುಳ್ಳಾಗಿ ಯಾರಿಗಾದರೂ ತೊಂದರೆಯಾದರೆ, ನಾನು ಬೇಕಂತ ಮಾಡಿದ್ದಲ್ಲ ಅಂತ ಸಾಬೀತು ಮಾಡಿದರೂ ಈ ಕಾಯ್ದೆಯಲ್ಲಿ ತಪ್ಪಿಸಿಕೊಳ್ಳೋಕೆ ಆಗಲ್ಲ.

ತಿನ್ನೋ ಎಣ್ಣೆ ಅಂತ ಮಾರಿದರೆ 2006ರ ಆಹಾರ ಸುರಕ್ಷತಾ ಕಾಯ್ದೆಯೂ ಬರುತ್ತದೆ. ಆಹಾರದಿಂದ ಸಾವಾದರೆ ಪರಿಹಾರ 5 ಲಕ್ಷಕ್ಕೆ ಕಡಿಮೆ ಇಲ್ಲ. ತೀವ್ರ ಹಾನಿಗೆ 3 ಲಕ್ಷದವರೆಗೆ, ಉಳಿದದ್ದಕ್ಕೆ 1 ಲಕ್ಷದವರೆಗೆ.

ಆದರೆ ನಮ್ಮಂಥವರಿಗೆ ನಿಜವಾದ ತಲೆನೋವು ಪರಿಹಾರದ ಮೊತ್ತ ಅಲ್ಲ, ಓಡಾಟ. ಈಗ ಗ್ರಾಹಕರು ತಾವಿರುವ ಊರಿನಲ್ಲೇ ದೂರು ಕೊಡಬಹುದು. ಕೊಂಡ ಸರಕಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನಾನೂರು ರೂಪಾಯಿ ಬಾಟಲಿ ಕೊಂಡವರು ಗುವಾಹಟಿಯಲ್ಲಿ ಕೇಸು ಹಾಕಿದರೆ ನೀವು ಅಲ್ಲಿಗೆ ವಕೀಲರನ್ನು ಹುಡುಕಬೇಕು. ಪಾಲಿಸಿಯಲ್ಲಿ ವಕೀಲರ ಖರ್ಚು ಸೇರಿರುವುದೇ ನನ್ನ ಪ್ರಕಾರ ಅದರ ಅರ್ಧ ಬೆಲೆ. ಸೇರಿದೆಯಾ ಅಂತ ಕೇಳಿಕೊಳ್ಳಿ.

ಏಜೆಂಟ್ "ಕಡ್ಡಾಯ" ಅಂದದ್ದು ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ಭೋಪಾಲ್ ದುರಂತದ ನಂತರ 1991ರಲ್ಲಿ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆ ಬಂತು. ಅದು ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವವರಿಗೆ ಕಡ್ಡಾಯ. ಕೊಬ್ಬರಿ ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ನಿಮಗೆ ಬೇಕಾದದ್ದು ಪ್ರಾಡಕ್ಟ್ ಲಯಬಿಲಿಟಿ. ಹೆಸರು ಒಂದೇ ತರ ಕೇಳಿಸುತ್ತದೆ ಅಂತ ಯಾವುದೋ ಒಂದನ್ನು ತೆಗೆದುಕೊಂಡುಬಿಡಬೇಡಿ.

ಪಾಲಿಸಿ ಕೈಗೆ ಬಂದಾಗ ಬಣ್ಣದ ಕರಪತ್ರ ಪಕ್ಕಕ್ಕಿಟ್ಟು ಶೆಡ್ಯೂಲ್ ಅನ್ನೋ ಹಾಳೆ ತೆಗೆಯಿರಿ. ಸರಕಿನ ವಿವರ ಅನ್ನೋ ಸಾಲಿನಲ್ಲಿ ಬರೀ "ಅಡುಗೆ ಎಣ್ಣೆ" ಅಂತಿದ್ದು, ನೀವು ಅದೇ ಎಣ್ಣೆಯನ್ನು ತಲೆಗೆ, ಮಗುವಿನ ಮಾಲೀಶಿಗೆ ಅಂತಲೂ ಮಾರುತ್ತಿದ್ದರೆ ಕ್ಲೇಮ್ ದಿನ ಜಗಳ ಗ್ಯಾರಂಟಿ. ಎರಡನ್ನೂ ಬರೆಸಿ. ನಂತರ ಮಿತಿ ನೋಡಿ. ಒಂದು ಘಟನೆಗೆ ಇಷ್ಟು, ವರ್ಷಕ್ಕೆ ಇಷ್ಟು ಅಂತ ಎರಡು ಅಂಕಿ ಇರುತ್ತವೆ. 1:2 ಅಂತಿದ್ದರೆ ವರ್ಷದ ಮಿತಿ ಒಂದು ಘಟನೆಯ ಮಿತಿಯ ಎರಡರಷ್ಟು; ಒಂದು ಘಟನೆಗೆ 10 ಲಕ್ಷವಾದರೆ ವರ್ಷಕ್ಕೆ ಒಟ್ಟು 20 ಲಕ್ಷ. ಎಕ್ಸೆಸ್ ಅಂತ ಬರೆದಿರುವುದು ಪ್ರತಿ ಕ್ಲೇಮ್‌ನಲ್ಲೂ ನಿಮ್ಮ ಜೇಬಿನಿಂದ ಹೋಗುವ ಪಾಲು. ವಿದೇಶಕ್ಕೂ ಕಳಿಸುವ ಯೋಚನೆ ಇದ್ದರೆ ಯಾವ ದೇಶದ ಕೋರ್ಟಿನವರೆಗೆ ರಕ್ಷಣೆ ಇದೆ ಅಂತಲೂ ನೋಡಿ. ಅಮೆರಿಕ, ಕೆನಡಾ ಸಾಮಾನ್ಯವಾಗಿ ಹೊರಗೇ.

ಜಾಸ್ತಿ ಜನ ಎಡವುವುದು ರೆಟ್ರೋಆಕ್ಟಿವ್ ಡೇಟ್ ಹತ್ತಿರ. ನಮ್ಮಲ್ಲಿ ಈ ಪಾಲಿಸಿಗಳು ಸಾಮಾನ್ಯವಾಗಿ ಕ್ಲೇಮ್ಸ್-ಮೇಡ್. ಘಟನೆ ಆ ತಾರೀಖಿನ ನಂತರ ಆಗಿರಬೇಕು, ದೂರು ಪಾಲಿಸಿ ಚಾಲ್ತಿಯಲ್ಲಿರುವಾಗಲೇ ಬರಬೇಕು. ರಿನ್ಯೂವಲ್ ತಪ್ಪಿಸಿ ಆಮೇಲೆ ಹೊಸದಾಗಿ ತೆಗೆದುಕೊಂಡರೆ ಆ ತಾರೀಖೂ ಹೊಸದಾಗಬಹುದು. ಆಗ ಹಿಂದಿನ ಘಟನೆಗಳಿಗೆ ರಕ್ಷಣೆ ಹೋದಂತೆಯೇ.

ಸಿಗದೇ ಇರುವುದನ್ನೂ ತಿಳಿದುಕೊಳ್ಳಿ. ಕೊರಿಯರ್‌ನಲ್ಲಿ ಬಾಟಲಿ ಒಡೆದು ಎಣ್ಣೆ ಸೋರಿದರೆ ಇದರಲ್ಲಿ ಬರಲ್ಲ, ಅದು ಟ್ರಾನ್ಸಿಟ್ ಇನ್ಶೂರೆನ್ಸ್. ಮಾಲು ವಾಪಸ್ ತರಿಸಿಕೊಳ್ಳೋ ಖರ್ಚು, ರೀಫಂಡ್, ಇಲಾಖೆ ಹಾಕುವ ದಂಡ ಇವೂ ಬರಲ್ಲ.

ಪರಿಚಯದವರೊಬ್ಬರು ಗಾಜಿನ ಬಾಟಲಿಯಲ್ಲಿ ಜೇನುತುಪ್ಪ ಮಾರುತ್ತಾರೆ. ಬಾಟಲಿಯ ಬಾಯಿ ಚೂರು ಮುಕ್ಕಾಗಿ ಹುಬ್ಬಳ್ಳಿಯ ಗ್ರಾಹಕರ ಬೆರಳು ಕುಯ್ದಿತ್ತು. ರಕ್ತದ ಫೋಟೋ ವಾಟ್ಸಾಪ್‌ಗೆ ಬಂತು. ಇಂಥ ಹೊತ್ತಿನಲ್ಲಿ ನಮ್ಮ ಬಾಯಿಗೆ ಮೊದಲು ಬರೋದು "ತಪ್ಪಾಯ್ತು ಸಾರ್, ಆಸ್ಪತ್ರೆ ಖರ್ಚು ನಾನೇ ಕೊಡ್ತೀನಿ" ಅಲ್ವಾ? ಆದರೆ ವಿಮಾ ಕಂಪನಿಯನ್ನು ಕೇಳದೆ ಹೊಣೆ ಒಪ್ಪಿಕೊಳ್ಳಬಾರದು ಅನ್ನೋ ಷರತ್ತು ಪಾಲಿಸಿಯಲ್ಲೇ ಇರುತ್ತದೆ. ಜೇನುತುಪ್ಪದವರು ಹಾಗೆ ಒಪ್ಪಿಕೊಳ್ಳದೆ, ಹೇಗಿದ್ದೀರಿ ಅಂತ ಗ್ರಾಹಕರನ್ನು ವಿಚಾರಿಸಿದರು, ಆ ಬಾಟಲಿ ಎಸೆಯಬೇಡಿ ಅಂದರು, ಅವತ್ತೇ ಕಂಪನಿಗೆ ಮೇಲ್ ಹಾಕಿದರು. ಆ ಲಾಟ್‌ನ ಒಂದು ಬಾಟಲಿಯನ್ನು ತೆಗೆದಿಟ್ಟಿದ್ದರಿಂದ ತೋರಿಸೋಕೂ ಏನೋ ಇತ್ತು. ಪ್ರತಿ ಲಾಟ್‌ನಿಂದ ಒಂದನ್ನು ನಂಬರ್ ಬರೆದು ಕಪಾಟಿನಲ್ಲಿಡಿ. ಅದಕ್ಕೆ ಖರ್ಚೇ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಬರೀ ನೆಂಟರು, ವಾಟ್ಸಾಪ್ ಗುಂಪಿನವರಿಗೆ ಮಾರುವವರೆಗೆ ಆ ದುಡ್ಡನ್ನು ಲ್ಯಾಬ್ ಪರೀಕ್ಷೆಗೆ, ಒಳ್ಳೆಯ ಮುಚ್ಚಳಕ್ಕೆ ಹಾಕಿ. ದೊಡ್ಡ ಆನ್‌ಲೈನ್ ತಾಣಕ್ಕೆ ಹೋದಿರಿ ಅಂದರೆ ಪಾಲಿಸಿ ತೆಗೆದುಕೊಳ್ಳಿ. ಗ್ರಾಹಕರು ತಾಣದ ಮೇಲೆ ಕೇಸು ಹಾಕಿದರೂ ನಷ್ಟ ನೀವು ತುಂಬಬೇಕು ಅನ್ನೋ ಸಾಲು ಮಾರಾಟಗಾರರ ಒಪ್ಪಂದದಲ್ಲಿ ಸಾಮಾನ್ಯವಾಗಿ ಇರುತ್ತದೆ. ಸುಮ್ನೆ ಟಿಕ್ ಹಾಕಿ ಮುಂದೆ ಹೋಗಿರುತ್ತೇವೆ, ಅಷ್ಟೇ.

ಪ್ರೀಮಿಯಂ ನಿಮ್ಮ ವಹಿವಾಟು, ಸರಕು, ಮಿತಿ ಇವುಗಳ ಮೇಲೆ ಹೋಗುತ್ತದೆ. ಸರ್ಕಾರಿ ಕಂಪನಿ ಒಂದರಿಂದ, ಖಾಸಗಿ ಒಂದರಿಂದ ದರ ತರಿಸಿ. ಪ್ರಪೋಸಲ್ ಫಾರಂನ್ನು ಏಜೆಂಟ್ ತುಂಬಿಕೊಟ್ಟರೂ ಸಹಿ ಹಾಕುವ ಮುಂಚೆ ವಹಿವಾಟಿನ ಅಂಕಿ ನಿಮ್ಮ ಜಿಎಸ್‌ಟಿ ಲೆಕ್ಕಕ್ಕೆ ಹೊಂದುತ್ತದಾ ನೋಡಿ, ಒಂದು ಪ್ರತಿ ಇಟ್ಟುಕೊಳ್ಳಿ.