ಓದುಗರ ಪ್ರಶ್ನೆ, ನಮ್ಮ ಉತ್ತರ: ಫೋನಿನಲ್ಲಿ ಕನ್ನಡವನ್ನು ಬೇಗ ಬರೆಯುವುದು ಹೇಗೆ?

ಪ್ರಶ್ನೆ: ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದೇನೆ. ಸುಗ್ಗಿಯಲ್ಲಿ ಸೋನಾ ಮಸೂರಿ, ಆರ್‌ಎನ್‌ಆರ್ ಭತ್ತದ ದರ, ತೇವಾಂಶದ ನಿಯಮ, ಲಾರಿ ಬರಬೇಕಾದ ಸಮಯ ಇವನ್ನೆಲ್ಲ ದಿನವೂ ಬೆಳಿಗ್ಗೆ ರೈತರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲೇ ತಿಳಿಸಬೇಕು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ನನ್ನ ಪದ್ಧತಿಯಿಂದ ಬಹಳ ಹೊತ್ತು ಹಿಡಿಯುತ್ತದೆ. ಮಾತನಾಡಿ ಬರೆಸಲು ಗಿರಣಿಯ ಸದ್ದು ಬಿಡುವುದಿಲ್ಲ. ಬೇರೆ ದಾರಿಯಿದೆಯೇ?

ಉತ್ತರ: ನಿಮ್ಮ ಸಂದೇಶದಲ್ಲಿ ದಿನವೂ ಬದಲಾಗುವುದು ದರದ ಅಂಕಿ ಮತ್ತು ಸಮಯ ಮಾತ್ರ. ಉಳಿದ ಸಾಲುಗಳನ್ನು ಪ್ರತಿದಿನ ಹೊಸದಾಗಿ ಒತ್ತುತ್ತಿರುವುದರಿಂದಲೇ ಹೊತ್ತು ಹೋಗುತ್ತಿದೆ. ಆದ್ದರಿಂದ ಬೆರಳಿನ ವೇಗವನ್ನು ಹೆಚ್ಚಿಸುವ ಮೊದಲು ಆ ಸಾಲುಗಳನ್ನು ಫೋನಿಗೇ ಒಪ್ಪಿಸಿಬಿಡುವುದು ಲೇಸು. ವ್ಯಾಪಾರಕ್ಕೆಂದೇ ಇರುವ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ‘ಕ್ವಿಕ್ ರಿಪ್ಲೈ’ ಎಂಬ ಸೌಲಭ್ಯವಿದ್ದು, ಇಡೀ ಸಂದೇಶವನ್ನು ಅಂಕಿಗಳ ಜಾಗ ಖಾಲಿ ಬಿಟ್ಟು ಅದರಲ್ಲಿ ಉಳಿಸಿಕೊಂಡರೆ, ಓರೆಗೆರೆಯನ್ನು (/) ಒತ್ತಿ ನೀವಿಟ್ಟ ಕಿರುಹೆಸರನ್ನು ಆರಿಸಿದೊಡನೆ ಅದು ಪೂರ್ತಿಯಾಗಿ ಬಂದು ಕೂರುತ್ತದೆ. ಹೀಗೆ 50 ಸಂದೇಶಗಳವರೆಗೆ ಇರಿಸಿಕೊಳ್ಳಬಹುದು. ಒಂದೇ ಸಲಕ್ಕೆ ಎಲ್ಲರಿಗೂ ಕಳಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡುವುದಾದರೆ, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ ಎಂಬುದನ್ನು ರೈತರಿಗೆ ಮೊದಲೇ ಹೇಳಿರಿ.

ಸಣ್ಣ ಪದಗುಚ್ಛಗಳಿಗೆ ಗೂಗಲ್‌ನ ಕೀಲಿಮಣೆ ಆ್ಯಪ್ ಆದ ಜಿಬೋರ್ಡ್‌ನ ‘ಪರ್ಸನಲ್ ಡಿಕ್ಷನರಿ’ ಸಾಕು. ‘75 ಕೆ.ಜಿ. ಚೀಲಕ್ಕೆ’ ಎಂಬುದನ್ನು ಅಲ್ಲಿ ಸೇರಿಸಿ, ಪಕ್ಕದಲ್ಲಿ ಎರಡಕ್ಷರದ ಸಂಕೇತವೊಂದನ್ನು ಕೊಟ್ಟರೆ, ಮುಂದೆ ಆ ಸಂಕೇತವನ್ನು ಒತ್ತಿದಾಗ ಕೀಲಿಗಳ ಮೇಲಿನ ಪಟ್ಟಿಯಲ್ಲಿ ಪೂರ್ಣ ರೂಪ ಕಾಣುತ್ತದೆ. ಐಫೋನಿನಲ್ಲಿ ಇದೇ ಕೆಲಸವನ್ನು ‘ಟೆಕ್ಸ್ಟ್ ರಿಪ್ಲೇಸ್‌ಮೆಂಟ್’ ಮಾಡುತ್ತದೆ. ನಕಲಿಸಿದ್ದನ್ನು ತಾತ್ಕಾಲಿಕವಾಗಿ ಇಡುವ ಕ್ಲಿಪ್‌ಬೋರ್ಡನ್ನು ಮಾತ್ರ ನಂಬಬೇಡಿ. ಪಿನ್ ಮಾಡದಿದ್ದರೆ ಜಿಬೋರ್ಡ್ ಅದನ್ನು ಒಂದು ಗಂಟೆಯ ನಂತರ ಅಳಿಸಿಹಾಕುತ್ತದೆ.

ಇನ್ನು ಇಂಗ್ಲಿಷ್ ಅಕ್ಷರಗಳ ಮಾತು. ಕನ್ನಡದ ವ್ಯಂಜನದಲ್ಲಿ ‘ಅ’ಕಾರ ಸೇರಿಯೇ ಇರುವುದರಿಂದ, ‘ದರ’ ಎಂದು ಬರೆಯಲು ಕನ್ನಡ ಕೀಲಿಮಣೆಯಲ್ಲಿ ಎರಡು ಒತ್ತು ಸಾಕು, ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಬೇಕು. ‘ಭತ್ತ’ಕ್ಕೆ ನಾಲ್ಕರ ಬದಲು ಆರು, ‘ಗಂಗಾವತಿ’ಗೆ ಏಳರ ಬದಲು ಒಂಬತ್ತು. ಅದಕ್ಕಿಂತ ಮುಖ್ಯವಾಗಿ, ಇಂಗ್ಲಿಷ್ ದಾರಿಯಲ್ಲಿ ಪ್ರತಿ ಪದಕ್ಕೂ ಫೋನು ಊಹಿಸಿದ್ದು ಸರಿಯೇ ಎಂದು ಕಣ್ಣು ಮೇಲೆತ್ತಿ ನೋಡಬೇಕಾಗುತ್ತದೆ, ಊರಿನ ಹೆಸರುಗಳಲ್ಲಿ ಅದು ಎಡವುವುದೂ ಹೆಚ್ಚು. ಕನ್ನಡ ವಿನ್ಯಾಸಕ್ಕೆ ಕೈ ಹೊಂದುವವರೆಗೆ ಬೇಸರವಾಗುವುದು ನಿಜ. ಆದರೂ ದಿನವೂ ಬರೆಯಲೇಬೇಕಾದವರು ಅದನ್ನೇ ಕಲಿಯಬೇಕೆಂಬುದು ನನ್ನ ಅಭಿಪ್ರಾಯ.

ಗೂಗಲ್‌ನ ಧ್ವನಿ ಟೈಪಿಂಗ್ 2017ರಿಂದ ಕನ್ನಡಕ್ಕೂ ಇದೆ. ಗಿರಣಿಯಿಂದ ಹೊರಗೆ ನಿಂತು ಹೇಳಿ ಬರೆಸಬಹುದು, ಆದರೆ ದರದ ಅಂಕಿಯನ್ನು ಕೈಯಿಂದಲೇ ಹಾಕಿರಿ. ಒಂದು ಅಂಕಿ ತಪ್ಪಿದರೆ ಜಗಳ ಬರುವುದು ನಿಮ್ಮ ಮೇಜಿಗೇ.

ಪ್ರಶ್ನೆ: ಬಳ್ಳಾರಿಯ ಕಚೇರಿಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಿಂದ ಸಿದ್ಧಪಡಿಸಿದ ಸುತ್ತೋಲೆಯನ್ನು ನಕಲಿಸಿ ಫೋನಿಗೆ ಕಳಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಪೂರ್ತಿ ಮತ್ತೆ ಟೈಪ್ ಮಾಡುತ್ತಿದ್ದೇನೆ.

ಉತ್ತರ: ಮತ್ತೆ ಟೈಪ್ ಮಾಡುವ ಅಗತ್ಯವಿಲ್ಲ. ನುಡಿಯ ಹಳೆಯ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮೊದಲಾದ ಅಕ್ಷರಗಳ ಸಂಕೇತಗಳಲ್ಲಿ ಕೂರಿಸಿದ್ದವು; ಆ ಫಾಂಟು ಫೋನಿನಲ್ಲಿ ಇಲ್ಲದ್ದರಿಂದ ಆಕಾರದ ಹಿಂದಿರುವ ಆ ಅಕ್ಷರಗಳೇ ಕಾಣುತ್ತವೆ. ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್, 1991ರ ತನ್ನ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವನ್ನು ಮೀಸಲಿಟ್ಟಿದೆ. ಸುತ್ತೋಲೆಯನ್ನು ಪರಿವರ್ತಕ ತಂತ್ರಾಂಶದಲ್ಲಿ ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ನೋಡಿಕೊಂಡು ಕಳಿಸಿರಿ. ಮುಂದಿನ ಸುತ್ತೋಲೆಗಳನ್ನು ನುಡಿಯ ಯೂನಿಕೋಡ್ ಆಯ್ಕೆಯಲ್ಲೇ ಬರೆಯಿರಿ. ನಿಮಗೆ ರೂಢಿಯಾಗಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಅಲ್ಲಿಯೂ ಇರುವುದರಿಂದ ಹೊಸದೇನನ್ನೂ ಕಲಿಯಬೇಕಿಲ್ಲ.