ಮೂರು ಸೆಕೆಂಡು ಕಾಯುವ ಮೇಷ್ಟ್ರು

ಓದುಗರ ಪತ್ರ: "ನನ್ನ ಮಗನಿಗೆ ಹೋದ ವರ್ಷ ಗಣಿತದಲ್ಲಿ 82 ಬಂದಿತ್ತು, ಈ ಸಲ 61. ಕೇಳಿದರೆ ಸಿಲಬಸ್ ಮುಗಿಸಿದ್ದೇವೆ ಎನ್ನುತ್ತಾರೆ. ಮಕ್ಕಳ ಅಂಕ ನೋಡಿ ಮೇಷ್ಟ್ರಿಗೆ ಸಂಬಳ ಕೊಟ್ಟರೆ ಎಲ್ಲ ಸರಿಹೋಗುತ್ತದೆ. ನೀವೇನಂತೀರಿ?"

ಸಂಪಾದಕರ ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಪುಸ್ತಕ ಓದಿ ಹೇಳಿ ಎದ್ದುಹೋಗುವ ಮೇಷ್ಟ್ರುಗಳೂ ಇದ್ದಾರೆ, ಅವರನ್ನು ಕೇಳಲೇಬೇಕು. ಆದರೆ ಅಂಕಕ್ಕೂ ಸಂಬಳಕ್ಕೂ ಗಂಟು ಹಾಕುವ ಮಾತು ನನಗೆ ಒಪ್ಪಿಗೆಯಿಲ್ಲ. ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ವಿದ್ವಾಂಸರು 1976ರಲ್ಲೇ ಎಚ್ಚರಿಸಿದ್ದರು: ಅಂಕವೇ ಪಾಠದ ಗುರಿಯಾದರೆ ಅದು ಕಲಿಕೆಯನ್ನು ಅಳೆಯುವುದಿಲ್ಲ, ಕಲಿಸುವುದನ್ನೂ ಕೆಡಿಸುತ್ತದೆ.

ಒಮ್ಮೆ ಐದನೇ ತರಗತಿಯೊಂದರ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. 1/3 ದೊಡ್ಡದೋ 1/4 ದೊಡ್ಡದೋ ಎಂದು ಮೇಡಂ ಕೇಳಿದರು. "1/4, ಯಾಕಂದ್ರೆ 4 ದೊಡ್ಡದು" ಎಂದಳು ಒಬ್ಬ ಹುಡುಗಿ. ಮೇಡಂ ತಪ್ಪು ಎನ್ನಲಿಲ್ಲ. ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೈಗಿತ್ತು ಸುಮ್ನೆ ನಿಂತರು. ಹುಡುಗಿ ಒಂದನ್ನು ನಾಲ್ಕಾಗಿ ಸುಲಭವಾಗಿ ಮಡಚಿದಳು. ಮೂರು ಮಡಿಕೆ ಸಮವಾಗಲಿಲ್ಲ, ಬಿಚ್ಚಿ ಮತ್ತೆ ಮಡಚಿದಳು. ಆಮೇಲೆ ಒಂದರ ಮೇಲೊಂದು ಇಟ್ಟು ನೋಡಿ, "ಅಯ್ಯೋ, ಜಾಸ್ತಿ ಜನಕ್ಕೆ ಹಂಚಿದ್ರೆ ಚೂರು ಸಣ್ಣದಾಗುತ್ತೆ!" ಎಂದು ಕೂಗಿದಳು. ಇದಕ್ಕೆ ಎಂಟು ನಿಮಿಷ ಹಿಡಿಯಿತು. ಅದೇ ಸಂಜೆ ಆ ಮೇಡಂಗೆ ಬಂದ ಪ್ರಶ್ನೆ ಏನು ಗೊತ್ತೇ? ಬೇರೆ ಸೆಕ್ಷನ್‌ಗಿಂತ ಒಂದು ಪಾಠ ಯಾಕೆ ಹಿಂದಿದ್ದೀರಿ ಎಂದು.

ಆ ಸುಮ್ಮನೆ ನಿಲ್ಲುವುದರ ಬೆಲೆಯನ್ನು ಮೇರಿ ಬಡ್ ರೋ ಎಂಬ ಸಂಶೋಧಕಿ ಎಂದೋ ತೋರಿಸಿದ್ದಾರೆ. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದವರೂ ಮಾತಾಡಿದರು. 1988ರಲ್ಲಿ ರೂತ್ ಬಟ್ಲರ್ ಇನ್ನೊಂದು ಪ್ರಯೋಗ ಮಾಡಿದರು. ಕೆಲವು ಮಕ್ಕಳಿಗೆ ಅಂಕ, ಕೆಲವರಿಗೆ ತಿದ್ದಿ ಬರೆದ ಎರಡು ಮಾತು, ಇನ್ನು ಕೆಲವರಿಗೆ ಎರಡೂ. ಮುಂದಿನ ಸಲ ಚೆನ್ನಾಗಿ ಮಾಡಿದವರು ಬರೀ ಮಾತು ಸಿಕ್ಕವರು. ಜತೆಗೆ ಅಂಕವೂ ಬಂದಾಗ ಆ ಲಾಭ ಸಿಗಲಿಲ್ಲ. ಮಕ್ಕಳ ಕಣ್ಣು ಮೊದಲು ಅಂಕಕ್ಕೇ ಹೋಗುತ್ತದೆ ಅಲ್ವಾ?

ಎರಡು ಮಾತು ಬರೆಯಲು ಸಮಯ ಬೇಕು. ಆ ಸಮಯವನ್ನೇ ನಾವು ಕಿತ್ತುಕೊಂಡಿದ್ದೇವೆ. ಮೇಷ್ಟ್ರು ಪಟ್ಟಿ ತುಂಬಬೇಕು, ಫೋಟೋ ಅಪ್‌ಲೋಡ್ ಮಾಡಬೇಕು, ರಜೆ ಹಾಕಿದವರ ಕ್ಲಾಸನ್ನೂ ನೋಡಬೇಕು. 2030ರ ಹೊತ್ತಿಗೆ ಜಗತ್ತಿಗೆ ಇನ್ನೂ 4 ಕೋಟಿ 40 ಲಕ್ಷ ಶಿಕ್ಷಕರು ಬೇಕು ಎಂದು ಯುನೆಸ್ಕೋ ಲೆಕ್ಕ ಹೇಳುತ್ತದೆ. ಅಷ್ಟು ಜನ ಎಲ್ಲಿಂದ ಬರುತ್ತಾರೆ? ಕೆಲಸದಲ್ಲಿ ಇರುವವರನ್ನೇ ಗುಮಾಸ್ತರನ್ನಾಗಿ ಮಾಡಿ, ಮಗುವಿನ ಅಂಕ ಇಳಿದಾಗ ಅವರ ಕುತ್ತಿಗೆ ಹಿಡಿಯುತ್ತೇವೆ. ಇದನ್ನು ನೋಡಿದ ಯಾವ ಜಾಣ ಹುಡುಗಿ ಟೀಚರ್ ಆಗುತ್ತೇನೆ ಎಂದಾಳು?

ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನೀವು 82 ಎಂದು ಬರೆದಿದ್ದೀರಿ, 61 ಎಂದೂ ಬರೆದಿದ್ದೀರಿ. ಮಗ ಯಾವ ಲೆಕ್ಕದಲ್ಲಿ ಎಡವಿದ ಎಂದು ಪತ್ರದಲ್ಲಿ ಎಲ್ಲೂ ಇಲ್ಲ. ಇವತ್ತು ರಾತ್ರಿ ಅವನ ಉತ್ತರಪತ್ರಿಕೆ ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ತಪ್ಪಾದ ಒಂದು ಲೆಕ್ಕ ತೋರಿಸಿ, ಇದನ್ನು ಹೇಗೆ ಮಾಡಿದೆ ಎಂದು ಕೇಳಿ. ಕೇಳಿ ಕಾಯಿರಿ. ಅವನು ಹೇಳಿದ್ದನ್ನು ನನಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.