‘ನಮ್ಮಣ್ಣಂಗೆ ಇಸ್ಪೀಟು ಎಣಿಸೋಕೆ ಬರಲ್ಲ ಸಾರ್’

ಶಿವಮೊಗ್ಗ ಕಡೆಯ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ. ಅವರ ಅಣ್ಣನಿಗೆ ಆಟಿಸಂ (ಮಾತು, ಜನರ ಜೊತೆ ಬೆರೆಯೋದು ಬೇರೆ ಥರ ಇರೋ, ಮಿದುಳಿನ ಬೆಳವಣಿಗೆಯ ಸ್ಥಿತಿ), ಮಾತು ಬಹಳ ಕಡಿಮೆ, ಊರಲ್ಲಿ ಅಮ್ಮನ ಜೊತೆ ಇದ್ದಾರೆ. ಇವರು ಪಿಯುಸಿ ಮುಗಿಸಿ ಬೆಂಗಳೂರು ಸೇರಿದವರು, ಹಬ್ಬಕ್ಕೋ ಮದುವೆಗೋ ಊರಿಗೆ ಹೋದ್ರೆ ಉಂಟು ಇಲ್ಲಾಂದ್ರೆ ಇಲ್ಲ, ಅಣ್ಣನ ಜೊತೆ ಒಡನಾಟ ಅಂತ ಬೆಳೀಲೇ ಇಲ್ಲ. ಅಪ್ಪ ಹೋದ ವರ್ಷ ತೀರ್ಕೊಂಡ ಮೇಲೆ ಯಾರೋ ಸ್ನೇಹಿತರು ‘ರೇನ್ ಮ್ಯಾನ್’ ಸಿನಿಮಾ ನೋಡು, ನಿಂದೇ ಕತೆ ಅಂದ್ರಂತೆ. ನೋಡಿ ಇವರಿಗೆ ಸಿಟ್ಟು ಬಂದಿದೆ. ಸಿಟ್ಟಿಗೆ ಎರಡು ಕಾರಣ. ಒಂದು, ‘ನಮ್ಮಣ್ಣಂಗೆ ಇಸ್ಪೀಟು ಎಣಿಸೋಕೆ ಬರಲ್ಲ ಸಾರ್, ಆದ್ರೆ ಈ ಸಿನಿಮಾ ನೋಡಿದವರೆಲ್ಲ ಅವನಿಗೇನು ಸ್ಪೆಷಲ್ ಟ್ಯಾಲೆಂಟು ಅಂತ ಕೇಳ್ತಾರೆ.’ ಇನ್ನೊಂದು, ‘ಇಷ್ಟೆಲ್ಲ ಆದ್ಮೇಲೂ ಸಿನಿಮಾದ ಕೊನೇಲಿ ತಮ್ಮ ಅಣ್ಣನ್ನ ನೋಡ್ಕೊಳೋ ಸಂಸ್ಥೆಗೇ ವಾಪಸ್ ಕಳಿಸ್ತಾನಲ್ಲ, ಇದ್ಯಾವ ಸೀಮೆ ಬಾಂಧವ್ಯ?’ ಕೊನೆಗೆ, ಅಣ್ಣನ್ನ ಒಂದು ವಾರ ಬೆಂಗಳೂರಿಗೆ ಕರ್ಕೊಂಡು ಬರೋಣ ಅಂತಿದೀನಿ, ಬರ್ಲಾ ಅಂತ ಕೇಳಿದ್ದಾರೆ.

ಮೊದಲನೇ ಸಿಟ್ಟು ನ್ಯಾಯವಾದದ್ದೇ, ಅದಕ್ಕೆ ನನ್ನ ತಕರಾರಿಲ್ಲ. 1988ರ ಸಿನಿಮಾ ಅದು, ಬ್ಯಾರಿ ಲೆವಿನ್ಸನ್ ನಿರ್ದೇಶನ, ಅಣ್ಣ ರೇಮಂಡ್ ಆಗಿ ಡಸ್ಟಿನ್ ಹಾಫ್‌ಮನ್, ತಮ್ಮ ಚಾರ್ಲಿ ಆಗಿ ಟಾಮ್ ಕ್ರೂಸ್, ಬೆಸ್ಟ್ ಪಿಕ್ಚರ್ ಸೇರಿ ನಾಲ್ಕು ಆಸ್ಕರ್. ಅದಕ್ಕೂ ಮುಂಚೆ ಆಟಿಸಂ ಅನ್ನೋ ಹೆಸರನ್ನೇ ಕೇಳದೆ ಇದ್ದ ಕೋಟಿಗಟ್ಟಲೆ ಜನಕ್ಕೆ ಅದನ್ನ ಮುಟ್ಟಿಸಿದ್ದು ಈ ಸಿನಿಮಾನೇ, ಆದ್ರೆ ಮುಟ್ಟಿಸುವಾಗ ನೆಲಕ್ಕೆ ಚೆಲ್ಲಿದ ಹಲ್ಲುಕಡ್ಡಿನ ಒಂದೇ ನೋಟಕ್ಕೆ 246 ಅಂತ ಎಣಿಸೋದು, ಲಾಸ್ ವೇಗಸ್‌ನ ಜೂಜಲ್ಲಿ ಇಸ್ಪೀಟೆಲೆ ನೆನಪಿಟ್ಕೊಂಡು ತಮ್ಮನ ಸಾಲ ತೀರೋವಷ್ಟು ದುಡ್ಡು ಗೆಲ್ಲೋದು ಇವೂ ಜೊತೆಗಂಟಿಕೊಂಡು ಹೋದ್ವು. ಇಂಥ ಸಾಮರ್ಥ್ಯ ಆಟಿಸಂ ಇರೋ ಎಲ್ಲರಿಗೂ ಇರಲ್ಲ, ಕೆಲವರಿಗಷ್ಟೇ. ಇನ್ನೊಂದು ತಮಾಷೆ ಕೇಳಿ. ಚಿತ್ರಕತೆ ಬರೆದವರಲ್ಲಿ ಒಬ್ಬರಾದ ಬ್ಯಾರಿ ಮಾರೋಗೆ ಈ ಕತೆ ಹೊಳೆದದ್ದು ಕಿಮ್ ಪೀಕ್ ಅನ್ನೋರನ್ನ ಭೇಟಿ ಆದ್ಮೇಲೆ, ಸಾವಿರಾರು ಪುಸ್ತಕ ಬಾಯಿಪಾಠ ಇದ್ದ ಮನುಷ್ಯ, ಮಿದುಳಿನ ಎರಡು ಭಾಗ ಜೋಡಿಸೋ ನರಗಳ ಕಟ್ಟೇ ಹುಟ್ಟಿನಿಂದ ಇರಲಿಲ್ಲ, ಆದ್ರೆ ಅವರಿಗೆ ಆಟಿಸಂ ಇತ್ತು ಅಂತ ಹೇಳೋ ಹಾಗಿಲ್ಲ! ಆ ನೆನಪಿನ ಶಕ್ತಿ ಒಬ್ಬರದ್ದು, ಹಾವಭಾವ ಹಾಫ್‌ಮನ್ ಎಷ್ಟೋ ದಿನ ಜೊತೆಗಿದ್ದು ನೋಡಿಕೊಂಡ ಆಟಿಸಂ ಇರೋ ಬೇರೆಯವರದ್ದು, ಎರಡನ್ನೂ ಬೆರೆಸಿ ಒಂದು ಪಾತ್ರ ಮಾಡಿದ್ರು. ಹಾಗಾಗಿ ಯಾರಾದ್ರೂ ‘ನಿಮ್ಮಣ್ಣಂಗೇನು ಟ್ಯಾಲೆಂಟು’ ಅಂದ್ರೆ ನಿಮಗೇನು ಟ್ಯಾಲೆಂಟು ಅಂತ ವಾಪಸ್ ಕೇಳಿ, ಮುಗೀತು. ಆ ಕಿಮ್ ಪೀಕ್‌ಗೂ ಅಂಗಿ ಗುಂಡಿ ಹಾಕೋಕೆ ಅಪ್ಪ ಬೇಕಿತ್ತು, ಅದನ್ನ ಯಾರೂ ಜ್ಞಾಪಕ ಇಟ್ಕೊಳಲ್ಲ. ವೇಗಸ್ ಸೀನು ನನಗೆ ಮೊದಲಿನಿಂದಲೂ ರುಚಿಸಿಲ್ಲ, ಕಾಸು ದುಡಿದು ಕೊಟ್ಟ ಮೇಲೇ ಅಣ್ಣ ಕಣ್ಣಿಗೆ ಬೀಳ್ತಾನೇನೋ ಅನ್ನೋ ಹಾಗೆ ಇದೆ ಅದು.

ಎರಡನೇ ಸಿಟ್ಟಿಗೆ ಮಾತ್ರ ನಾನು ಒಪ್ಪಲ್ಲ. ಸ್ವಲ್ಪ ನಿಧಾನಕ್ಕೆ ನೋಡೋಣ.

ಕತೆ ಶುರುವಾಗೋದು ಪ್ರೀತಿಯಿಂದಲ್ಲ, ಆಸ್ತಿಯಿಂದ. ಹುಟ್ತಾ ಅಣ್ಣತಮ್ಮಂದಿರು ಬೆಳೀತಾ ದಾಯಾದಿಗಳು ಅಂತೀವಲ್ಲ, ಇಲ್ಲಿ ಉಲ್ಟಾ, ಮೊದಲು ದಾಯಾದಿಗಳು ಆಮೇಲೆ ಅಣ್ಣತಮ್ಮಂದಿರು. ಹುಡುಗನಾಗಿದ್ದಾಗ ಚಾರ್ಲಿ ಅಪ್ಪನ 1949ರ ಬ್ಯೂಕ್ ಕಾರನ್ನ ಹೇಳ್ದೆ ಕೇಳ್ದೆ ತಗೊಂಡು ಹೋಗಿದ್ದಕ್ಕೆ ಅಪ್ಪ ಕಳ್ಳತನದ ಕಂಪ್ಲೇಂಟ್ ಕೊಟ್ಟು ಲಾಕಪ್ಪಲ್ಲಿ ಕೂರಿಸಿದ್ದ, ಅಲ್ಲಿಗೆ ಅಪ್ಪ-ಮಗನ ಸಂಬಂಧ ಮುಗಿದಿತ್ತು. ಅಪ್ಪ ಸತ್ತ ಮೇಲೆ ವಿಲ್ ಓದಿದ್ರೆ ಇವನಿಗೆ ಬಂದಿದ್ದು ಅದೇ ಕಾರು ಮತ್ತು ಗುಲಾಬಿ ಗಿಡಗಳು, ಮಿಕ್ಕ 30 ಲಕ್ಷ ಡಾಲರ್ ಸಿನ್ಸಿನಾಟಿಯ ಒಂದು ಸಂಸ್ಥೆಯಲ್ಲಿರೋ ಯಾರದೋ ಹೆಸರಲ್ಲಿ ಟ್ರಸ್ಟ್‌ಗೆ. ಹೋಗಿ ನೋಡಿದ್ರೆ ಇದ್ದಾನೆ ಅಂತಾನೇ ಗೊತ್ತಿಲ್ಲದ ಅಣ್ಣ! ಇವನೇನ್ಮಾಡ್ತಾನೆ, ಅರ್ಧ ದುಡ್ಡು ಕೊಟ್ರೆ ವಾಪಸ್ ಬಿಡ್ತೀನಿ ಅಂತ ಅಣ್ಣನ್ನೇ ಎತ್ತಾಕ್ಕೊಂಡು ಲಾಸ್ ಏಂಜಲಿಸ್‌ಗೆ ಹೊರಡ್ತಾನೆ. ವಿಮಾನ ಆಗಲ್ಲ ಅಂತಾನೆ ರೇಮಂಡ್, ಆಸ್ಟ್ರೇಲಿಯಾದ ಏರ್‌ಲೈನ್ ಕ್ವಾಂಟಾಸ್ ಒಂದೇ ಕ್ರ್ಯಾಶ್ ಆಗಿಲ್ಲ ಅಂತ ಹಟ. (ಎಷ್ಟೋ ಏರ್‌ಲೈನ್‌ಗಳು ತಮ್ಮ ವಿಮಾನದಲ್ಲಿ ತೋರಿಸೋ ಪ್ರಿಂಟಿನಿಂದ ಆ ಸೀನನ್ನೇ ಎತ್ತಿಬಿಟ್ಟಿದ್ವು, ಕ್ವಾಂಟಾಸ್ ಬಿಟ್ಟು.) ಹಾಗಾಗಿ ಕಾರಲ್ಲೇ ಅರ್ಧ ಅಮೆರಿಕ.

ದಾರೀಲಿ ಚಾರ್ಲಿ ಕೂಗಾಡ್ತಾನೆ, ಕಿವಿ ಹತ್ರ ಬಾಯಿ ತಂದು ಅಣಕಿಸ್ತಾನೆ, ನಾಟಕ ಆಡ್ತಿದೀಯ ಒಳಗೆ ಎಲ್ಲಾ ಗೊತ್ತು ನಿಂಗೆ ಅಂತಾನೆ. ನಿಮ್ಮ ಪತ್ರದಲ್ಲಿ ಒಂದು ಕಡೆ ‘ಕೆಲವು ಸಲ ಬೇಕಂತಲೇ ಮಾಡ್ತಾನೆ ಅನ್ಸುತ್ತೆ’ ಅಂತ ಬರೆದು ಹೊಡೆದು ಹಾಕಿದೀರಲ್ಲ, ಅದೇ ಮಾತು. ರೇಮಂಡ್‌ಗೆ ಪ್ಯಾನ್‌ಕೇಕ್ ಬರೋಕೆ ಮುಂಚೆ ಸಿರಪ್ಪು ಟೇಬಲ್ ಮೇಲೆ ಇರ್ಬೇಕು, ಜಡ್ಜ್ ವಾಪ್ನರ್‌ನ ಕೋರ್ಟ್ ಪ್ರೋಗ್ರಾಂ ಟೈಮಿಗೆ ಸರಿಯಾಗಿ ಟಿವಿ ಮುಂದೆ ಇರ್ಬೇಕು, ಒಳ ಉಡುಪು ಕೆ-ಮಾರ್ಟ್‌ದೇ ಆಗ್ಬೇಕು. ಇವು ಹಟ ಅಲ್ಲ, ಅವನ ದಿನ ನಿಂತಿರೋದೇ ಅದರ ಮೇಲೆ ಅಂತ ಚಾರ್ಲಿಗೆ ಹೊಳೆಯೋಕೆ ಬಹಳ ದೂರ ಗಾಡಿ ಓಡಬೇಕಾಗುತ್ತೆ.

ಮೋಟೆಲ್‌ನ ಬಾತ್‌ರೂಮ್ ಸೀನ್ ಇನ್ನೊಂದು ಸಲ ಹಾಕಿ ನೋಡಿ. ಚಿಕ್ಕೋನಾಗಿದ್ದಾಗ ತನಗೆ ಹಾಡು ಹೇಳ್ತಿದ್ದ ರೇನ್ ಮ್ಯಾನ್ ಅಂತ ಒಬ್ಬ ಇದ್ದ, ಅದು ಬರೀ ತನ್ನ ಕಲ್ಪನೆ ಅಂತಲೇ ಚಾರ್ಲಿ ನಂಬ್ಕೊಂಡಿರ್ತಾನೆ, ಅವನು ಈ ರೇಮಂಡೇ ಅಂತ ಗೊತ್ತಾಗೋದು ಅಲ್ಲಿ. ಖುಷೀಲಿ ಸ್ನಾನಕ್ಕೆ ಅಂತ ಬಿಸಿನೀರಿನ ನಲ್ಲಿ ತಿರುಗಿಸ್ತಾನೆ, ರೇಮಂಡ್ ಕಿರುಚ್ಕೊಂಡು ತನ್ನ ತಲೇನೇ ಹೊಡ್ಕೋತಾನೆ, ಬಿಸಿನೀರು ಮಗೂನ ಸುಡುತ್ತೆ ಅಂತ. ಆ ಮಗು ಚಾರ್ಲಿ. ಅಣ್ಣನಿಂದ ಮಗೂಗೆ ಏನಾದ್ರೂ ಆಗಿಬಿಟ್ರೆ ಅಂತ ಹೆದರಿಯೇ ಅಪ್ಪ ರೇಮಂಡ್‌ನ ಸಂಸ್ಥೆಗೆ ಸೇರಿಸಿದ್ದು. ಅಂದ್ರೆ ತಮ್ಮನ ಸಲುವಾಗಿ ಮನೆ ಬಿಟ್ಟವನು ಅಣ್ಣ, ಆ ತಮ್ಮ ಇಷ್ಟು ವರ್ಷ ಆದ್ಮೇಲೆ ಬಂದಿದ್ದು ದುಡ್ಡಿಗೆ. ಚಾರ್ಲಿ ಅಲ್ಲಿ ಭಾಷಣ ಹೊಡಿಯಲ್ಲ, ನಲ್ಲಿ ನಿಲ್ಲಿಸಿ ನಂಗೇನೂ ಆಗಿಲ್ಲ ನೋಡು ಅಂತ ಸಮಾಧಾನ ಮಾಡ್ತಾನೆ ಅಷ್ಟೆ. ವೇಗಸ್ಸಿಗಿಂತ ಮುಂಚೆನೇ ಬರುತ್ತೆ ಈ ಸೀನು, ಗಮನಿಸಿ.

ಈಗ ನಿಮ್ಮ ಪ್ರಶ್ನೆ. ಕೊನೆಗೆ ಟ್ರಸ್ಟ್ ನೋಡ್ಕೊಳೋ ಡಾಕ್ಟರ್ ಎರಡೂವರೆ ಲಕ್ಷ ಡಾಲರ್ ಕೊಡ್ತೀನಿ ಬಿಟ್ಟುಬಿಡು ಅಂದ್ರೂ ಚಾರ್ಲಿ ತಗೊಳಲ್ಲ, ಅಣ್ಣ ನನ್ನ ಜೊತೆಗೇ ಇರ್ಲಿ ಅಂತ ಹಟ ಹಿಡೀತಾನೆ. ಮರುದಿನ ಬೆಳಿಗ್ಗೆ ಅಡುಗೆಮನೇಲಿ ಏನೋ ಸುಟ್ಟು ಹೊಗೆ ಬಂದು ಅಲಾರಂ ಹೊಡ್ಕೊಂಡಾಗ ರೇಮಂಡ್ ಆ ಸದ್ದು ತಡೀಲಾರದೆ ಬಾಗಿಲಿಗೆ ತಲೆ ಚಚ್ಕೋತಾನೆ. ಆಮೇಲೆ ಮನೋವೈದ್ಯ (ಆ ಪಾತ್ರ ಮಾಡಿರೋದು ನಿರ್ದೇಶಕ ಲೆವಿನ್ಸನ್ನೇ) ತಮ್ಮನ ಜೊತೆ ಇರ್ತೀಯಾ ಅಂತ ಕೇಳಿದ್ರೆ ಹೂಂ, ವಾಪಸ್ ಹೋಗ್ತೀಯಾ ಅಂದ್ರೂ ಹೂಂ. ಪದೇಪದೇ ಕೇಳಿದಾಗ ಸಾಕು ನಿಲ್ಸಿ, ಅವನಿಗೆ ಅವಮಾನ ಮಾಡ್ಬೇಡಿ ಅನ್ನೋನು ಚಾರ್ಲಿನೇ. ನನ್ನ ಮಟ್ಟಿಗೆ ಅವನು ನಿಜವಾಗಿ ತಮ್ಮ ಆಗೋದು ಆ ಮಾತಲ್ಲಿ. ಸಿನಿಮಾದಲ್ಲಿ ರೇಮಂಡ್ ಬದಲಾಗೋದು ತೀರಾ ಕಡಿಮೆ, ಒಂದು ಜೋಕ್ ಹೇಳ್ತಾನೆ, ಹಣೆಗೆ ಹಣೆ ಆನಿಸ್ತಾನೆ. ಬದಲಾಗೋನು ಚಾರ್ಲಿ. ಅಣ್ಣ ಸರಿಹೋದ, ಮನೆಗೆ ಬಂದ, ಶುಭಂ ಅಂತ ಮುಗಿಸಿದ್ರೆ ನಿಮಗೆ ಇನ್ನೂ ಸಿಟ್ಟು ಬರ್ತಿತ್ತು ಅಂತ ನನಗನ್ಸುತ್ತೆ.

ಹಾಗಂತ ಸಂಸ್ಥೆಗೆ ಕಳಿಸೋದೇ ಸರಿ ಅಂತ ಇಟ್ಕೋಬೇಡಿ. ಚಿತ್ರಕತೆ ಬರೆದ ಇದೇ ಮಾರೋ ಅದಕ್ಕೂ ಮುಂಚೆ ಬಿಲ್ ಸ್ಯಾಕ್ಟರ್ ಅಂತ 44 ವರ್ಷ ಸಂಸ್ಥೆಯಲ್ಲಿ ಕಳೆದ ಮನುಷ್ಯನ ಸ್ನೇಹ ಬೆಳೆಸಿ, ಆಮೇಲೆ ಅವನಿಗೆ ಗಾರ್ಡಿಯನ್ನೂ ಆದವರು. ರಕ್ತಸಂಬಂಧ ಏನೂ ಇರಲಿಲ್ಲ. ಬಿಲ್ ಹೊರಗಡೆ ಬದುಕಿದ, ಕಾಫಿ ಅಂಗಡಿ ನಡೆಸಿದ. ರೇಮಂಡ್‌ಗೆ ಇದ್ದಿದ್ದು ಎರಡೇ ದಾರಿ, ತಮ್ಮನ ಫ್ಲಾಟು ಇಲ್ಲಾ ಸಂಸ್ಥೆ. ನಿಮ್ಮಣ್ಣಂಗೆ ಹಾಗಲ್ಲ, ಅಮ್ಮ ಇದ್ದಾರೆ, ಊರಿದೆ, ಗೊತ್ತಿರೋ ಬೀದಿ ಇದೆ.

ಅಂದಹಾಗೆ ಸಿನಿಮಾ ಬಿಟ್ಟು ಒಂದು ಮಾತು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. 18 ದಾಟಿದ ಮೇಲೆ ಹೆತ್ತವರೂ ತಾವಾಗೇ ಕಾನೂನಿನ ಗಾರ್ಡಿಯನ್ ಆಗಿ ಮುಂದುವರಿಯಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಇರೋ ಲೋಕಲ್ ಲೆವೆಲ್ ಕಮಿಟಿಗೆ ಅರ್ಜಿ ಹಾಕಿ ಮಾಡಿಸ್ಕೋಬೇಕು, ಆಟಿಸಂ ಅದರ ವ್ಯಾಪ್ತಿಗೆ ಬರುತ್ತೆ. ಅಪ್ಪ ಮಾಡಿಸಿದ್ರಾ ಇಲ್ವಾ ಅಮ್ಮನ್ನ ಕೇಳಿ. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಇಲ್ದಿದ್ರೆ ಅದನ್ನೂ ಮಾಡಿಸಿ. ಜಮೀನು ಖಾತೆ ಬದಲಾಯಿಸೋವಾಗ ಅಣ್ಣನ ಪಾಲು ಅಣ್ಣನ ಹೆಸರಲ್ಲೇ ಇರ್ಲಿ, ನೋಡ್ಕೊಳೋನು ನಾನೇ ತಾನೇ ಅಂತ ನಿಮ್ಮ ಹೆಸರಿಗೆ ಬರೆಸ್ಕೋಬೇಡಿ, ನಾಳೆ ನಿಮ್ಮ ಮಕ್ಕಳ ಕಾಲಕ್ಕೆ ಏನಾಗುತ್ತೋ ಯಾರಿಗ್ಗೊತ್ತು.

ಬೆಂಗಳೂರಿಗೆ ಕರ್ಕೊಂಡು ಬರ್ಲಾ ಅಂದ್ರಿ. ಬನ್ನಿ, ಆದ್ರೆ ಅದಕ್ಕೂ ಮುಂಚೆ ನೀವು ನಾಲ್ಕು ದಿನ ರಜ ಹಾಕಿ ಊರಿಗೆ ಹೋಗಿ, ಹಬ್ಬ ಗಿಬ್ಬ ಇಲ್ಲದಾಗ, ನೆಂಟರು ಇಲ್ಲದಾಗ. ಅಣ್ಣ ಎಷ್ಟೊತ್ತಿಗೆ ಏಳ್ತಾರೆ, ಯಾವ ತಟ್ಟೇಲಿ ಉಣ್ತಾರೆ, ಕುಕ್ಕರ್ ಕೂಗಿದ್ರೆ ಏನ್ಮಾಡ್ತಾರೆ ಸುಮ್ನೆ ನೋಡಿ, ಅಮ್ಮನ್ನ ಕೇಳಿ ಬರ್ಕೊಳಿ ಬೇಕಾದ್ರೆ. ಆಮೇಲೆ ಕರ್ಕೊಂಡು ಬರೋವಾಗ ಆ ತಟ್ಟೆ, ಆ ಹೊದಿಕೆ ಜೊತೆಗೇ ತನ್ನಿ, ಕಿಟಕಿ ಪಕ್ಕದ ಸೀಟ್ ಬುಕ್ ಮಾಡಿ, ಮೊದಲನೇ ಸಲಕ್ಕೆ ಒಂದು ವಾರ ಜಾಸ್ತಿ ಆಯ್ತು, ಎರಡು ರಾತ್ರಿ ಸಾಕು. ಮರುದಿನವೇ ಮನೆಗೆ ಹೋಗಣ ಅಂದ್ರೆ ಬೇಜಾರು ಮಾಡ್ಕೊಳ್ದೆ ವಾಪಸ್ ಬಿಟ್ಟು ಬನ್ನಿ, ಮುಂದಿನ ತಿಂಗಳು ಮತ್ತೆ ಕೇಳಿದ್ರಾಯ್ತು.

— ಸಂಪಾದಕ